ಬೀಗತಿಯ ಬಿಲ್ಲೆಯಾಟ

ಜನ ಹೇಳುವುದು ಸುಳ್ಳು. ಹರಿಹರದ ನನ್ನ ಬೀಗತಿ ವಿಶಾಲಾಕ್ಷಮ್ಮ ನನ್ನ ಕೈಲಿ ಸೋತ ಕೊರಗಿಗೆ ಸಾಯಲಿಲ್ಲ. ಸಕ್ಕರೆ ಕಾಯಿಲೆಗೆ ಸತ್ತಳು. ಆ ಕಾಯಿಲೆ ಇಟ್ಟುಕೊಂಡು ತಿಂದ ಹೋಳಿಗೆಗೆ ಸತ್ತಳು. ಅದಕ್ಕೂ ಮೊದಲು ಆಕೆ ಫೋನಿನ ಆಟದಲ್ಲಿ ನನಗೆ ಮೋಸ ಮಾಡಿ ನನ್ನ ಮಗಳ ಪಂಚಮಿ ಹಬ್ಬ ಕಿತ್ತುಕೊಂಡಳು. ನಾನು ಒಂದು ವರ್ಷ ಕಾದು ಅದನ್ನು ವಾಪಸು ಕಿತ್ತುಕೊಂಡೆ. ನಡೆದದ್ದು ಇಷ್ಟೇ.

ಎದುರಿಗಿದ್ದಾಗ ‘ಬೀಗರೇ’, ‘ಬರ್ರಿ’, ‘ಕೂಡ್ರಿ’ ಎಂದೇ ಮಾತಾಡಿದ್ದೇನೆ. ಇಲ್ಲಿ ಆಕೆ, ಅವಳು ಎಂದು ಬರೆಯುತ್ತೇನೆ. ಬೈಯುವಾಗ ಬಹುವಚನ ಬಾಯಿಗೆ ಅಡ್ಡ ಬರುತ್ತದೆ.

ವಿಶಾಲಾಕ್ಷಮ್ಮ ಎಂದರೆ ನನಗೆ ಮೊದಲು ಕಾಣುವುದು ಆಕೆಯ ಬಲಗೈ ತೋರುಬೆರಳು. ಉಳಿದ ಬೆರಳಿಗೆಲ್ಲ ಉಂಗುರ, ಅದಕ್ಕೊಂದಕ್ಕೆ ಇಲ್ಲ. “ಉಂಗುರ ಇದ್ರೆ ಬಿಲ್ಲೆ ಜಾರ್ತಾವ್ರಿ” ಎನ್ನುತ್ತಿದ್ದಳು. ಊಟಕ್ಕೆ ಕೂತಾಗಲೂ ಆ ಬೆರಳನ್ನು ಮೇಲಕ್ಕೆತ್ತಿಕೊಂಡು ಉಳಿದ ಬೆರಳುಗಳಲ್ಲೇ ಕಲಸಿ ಉಣ್ಣುತ್ತಿದ್ದಳು. ಬೆರಳಿಗೆ ತುಪ್ಪ ಹತ್ತಿದರೆ ಫೋನಿನ ಗಾಜು ಮಾತು ಕೇಳುವುದಿಲ್ಲವಲ್ಲ, ಅದಕ್ಕೆ. ಮದುವೆ ಮನೆಯ ಪಂಕ್ತಿಯಲ್ಲಿ ದೂರದಿಂದ ನೋಡಿದವರು ಯಾರಿಗೋ ಎಚ್ಚರಿಕೆ ಕೊಡುತ್ತಿದ್ದಾಳೆ ಎಂದುಕೊಳ್ಳಬೇಕು. ಒಂದು ಲೆಕ್ಕದಲ್ಲಿ ಅದೂ ನಿಜವೇ. ಆಕೆ ಇದ್ದಷ್ಟು ದಿನ ಯಾರಿಗಾದರೂ ಎಚ್ಚರಿಕೆ ಕೊಡುತ್ತಲೇ ಇದ್ದಳು.

ಹರಿಹರದಲ್ಲಿ ದೇವಸ್ಥಾನದ ಕಡೆ ಹೋಗುವ ಬೀದಿಯಲ್ಲಿ ಅವರ ಮನೆ. ಮುಂದೆ ಕಾಳಿನ ಅಂಗಡಿ, ಹಿಂದೆ ಸಂಸಾರ. ನಡುಮನೆಯ ತೂಗುಮಂಚ ಆಕೆಯ ಆಸ್ಥಾನ. ಎಸ್ಸೆಲ್ಸಿ ಓದಿದ್ದಳು. ಕನ್ನಡದಲ್ಲಿ ಇಡೀ ಶಾಲೆಗೇ ಹೆಚ್ಚು ಅಂಕ ತನಗೆ ಬಂದಿತ್ತು ಎಂದು ಗ್ಯಾಸ್ ಸಿಲಿಂಡರ್ ಇಳಿಸಲು ಬಂದವನಿಗೂ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಅವನು ಪಾಪ, “ಹೌದೇನ್ರಿ ಅಮ್ಮಾರೆ, ಓಟಿಪಿ ಹೇಳ್ರಿ” ಅಂದ.

ನಾನು ಭಾನುವಳ್ಳಿಯಲ್ಲಿ ಹುಟ್ಟಿದವಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿ ಗದ್ದೆಗೆ ಹಚ್ಚಿದರು. ಮದುವೆಯಾಗಿ ದಾವಣಗೆರೆಯ ಕೆ.ಬಿ. ಬಡಾವಣೆಗೆ ಬಂದ ಮೇಲೆ ಯಜಮಾನರಿಗೆ ಪೇಪರ್ ಓದಿ ಹೇಳುವ ಕೆಲಸ ಬಿತ್ತು. ಅಷ್ಟೇ ನನ್ನ ವಿದ್ಯೆ. ಮಗಳು ಮಂಜುಳನನ್ನು ವಿಶಾಲಾಕ್ಷಮ್ಮನ ಮಗನಿಗೆ ಕೊಟ್ಟ ಹೊಸದರಲ್ಲಿ ಆಕೆ ನಮ್ಮ ಮನೆಗೆ ಬಂದಾಗ ನಾನು ಪೇಪರ್ ಹಿಡಿದು ಕೂತಿದ್ದೆ.

“ಅಯ್ಯ, ಓದಾಕ ಬರ್ತೈತಲ್ರಿ ಕೊಟ್ರಮ್ಮಾರೆ ನಿಮಗೆ! ಹಂಗಾದ್ರೆ ಫೋನ್ ಕೊಡ್ರಿ ಇಲ್ಲಿ” ಎಂದು ಕಸಿದುಕೊಂಡು ಅದರೊಳಗೆ ಬಿಲ್ಲೆಯಾಟ ಹಾಕಿಕೊಟ್ಟಳು.

ಆಟ ಕಷ್ಟದ್ದಲ್ಲ. ಫೋನಿನಲ್ಲಿ ಚೌಕದ ಮನೆಗಳ ಹಲಗೆ ಬರುತ್ತದೆ. ಕೆಳಗೆ ನಮ್ಮ ಪಾಲಿನ ಏಳು ಬಿಲ್ಲೆ, ಒಂದೊಂದರ ಮೇಲೆ ಒಂದೊಂದು ಅಕ್ಷರ. ಬಿಲ್ಲೆಯ ಮೇಲೆ ಬೆರಳು ಒತ್ತಿ ಹಿಡಿದರೆ ಕ, ಕಾ, ಕಿ ಎಂದು ಕಾಗುಣಿತ ಬಿಚ್ಚಿಕೊಳ್ಳುತ್ತದೆ, ಬೇಕಾದ್ದು ಆರಿಸಿ ಪದ ಕೂಡಿಸಿ ಮನೆಗೆ ಇಡಬೇಕು. ಹಾಕಿದ ಪದದ ಅಕ್ಷರ ಹಿಡಿದೋ ಅದರ ಪಕ್ಕಕ್ಕೆ ತಾಗಿಸಿಯೋ ಮುಂದಿನ ಪದ ಕಟ್ಟಬೇಕು. ಸುಲಭದ ಅಕ್ಷರಕ್ಕೆ ಅಂಕ ಕಡಿಮೆ. ಘ, ಠ ಅಂಥ ಮೊಂಡು ಅಕ್ಷರಕ್ಕೆ ಜಾಸ್ತಿ. ಹಲಗೆಯ ಅಂಚಿನಲ್ಲಿ ಕೆಂಪು ಮನೆಗಳಿವೆ. ಪದ ಅದರ ಮೇಲೆ ಕೂತರೆ ಅಂಕ ಮೂರರಷ್ಟು. ಒಬ್ಬರು ಆಟಕ್ಕೆ ಕರೆ ಕಳಿಸುತ್ತಾರೆ, ಇನ್ನೊಬ್ಬರು ಒಪ್ಪಬೇಕು. ಒಪ್ಪಿದವರು ಮೊದಲು ಆಡಬೇಕು. ಅವಳು ಹರಿಹರದ ತೂಗುಮಂಚದಲ್ಲಿ, ನಾನು ಕೆ.ಬಿ. ಬಡಾವಣೆಯ ಕಟ್ಟೆಯಲ್ಲಿ. ಆಕೆ ಒಂದು ಪದ ಇಟ್ಟರೆ ನನ್ನ ಫೋನು ಗುಯ್ ಅನ್ನುತ್ತಿತ್ತು.

ಆಟಕ್ಕೆ ಕಂಪನಿಯವರು ಮಾಡಿದ ನಿಯಮಕ್ಕಿಂತ ವಿಶಾಲಾಕ್ಷಮ್ಮ ಮಾಡಿದ ನಿಯಮ ಹೆಚ್ಚು. ಪೂಜೆ ಮುಗಿಯುವ ಮೊದಲು ಯಾರೂ ಬಿಲ್ಲೆ ಮುಟ್ಟಬಾರದು. ಸೋಮವಾರ ಕೆಟ್ಟ ಪದ ಹಾಕಬಾರದು. ಮರು ಆಟ ಕೇಳಿದರೆ ಗೆದ್ದವರು ಒಲ್ಲೆ ಅನ್ನಬಾರದು. ಎಲ್ಲಕ್ಕಿಂತ ದೊಡ್ಡದು, ಸೋತವರು ಗೆದ್ದವರಿಗೆ ಫೋನ್ ಹಚ್ಚಬೇಕು. “ಮಷೀನು ಹೇಳಿದ್ರೆ ಸಾಲದ್ರಿ. ‘ನೀವು ಗೆದ್ರಿ’ ಅಂತ ಬಾಯಿಬಿಟ್ಟು ಹೇಳ್ಬೇಕು. ಅದು ಮರ್ಯಾದಿ” ಎಂದಿದ್ದಳು. ನಾನು ಫೋನ್ ಹಚ್ಚಿದಾಗ ಸ್ಪೀಕರಿಗೆ ಹಾಕುತ್ತಿದ್ದಳು. ಹಿಂದಿನಿಂದ ಅಂಗಡಿಯ ತಕ್ಕಡಿ ಸದ್ದು, ಗಿರಾಕಿಗಳ ಸದ್ದು ಎಲ್ಲ ಕೇಳುತ್ತಿತ್ತು. “ಏನಂದ್ರಿ? ಕೇಳಿಸ್ಲಿಲ್ರಿ, ಇನ್ನೊಮ್ಮೆ ಅನ್ರಿ” ಎನ್ನುತ್ತಿದ್ದಳು. ಅರ್ಧ ಹರಿಹರಕ್ಕೆ ನಾನು ಸೋತದ್ದು ಗೊತ್ತಾಗುತ್ತಿತ್ತು.

ಮೊದಲೆಲ್ಲ ನಾನು ಬೇಕೆಂದೇ ಸೋತೆ. ಹೆಣ್ಣು ಕೊಟ್ಟವರು ಬೀಗರ ಮುಂದೆ ಗೆಲ್ಲಬಾರದು. ಮದುವೆಯಲ್ಲಿ ಬೀಗರ ಪಂಕ್ತಿ ಎದ್ದ ಮೇಲೆ ನಮ್ಮ ಊಟ, ಅವರು ಹೊರಟ ಮೇಲೆ ನಮ್ಮ ಗಾಡಿ. ಆಟದಲ್ಲೂ ಹಾಗೇ ಇರಲಿ ಎಂದು ಯಜಮಾನರು ಹೇಳಿದರು. “ಸೋಲೇ ಮಾರಾಯ್ತಿ, ನಿನ್ನ ಗಂಟೇನು ಹೋಗ್ತೈತೆ? ಹುಡುಗಿ ಅಲ್ಲಿರಾಕಿ” ಅಂದರು. ಸರಿ, ಸೋತೆ. ಕೈಯಲ್ಲಿ ಒಳ್ಳೆಯ ಪದ ಇದ್ದರೂ ಮೂಲೆಯಲ್ಲೊಂದು ಸಣ್ಣದು ಇಟ್ಟು ಸುಮ್ಮನಾದೆ.

ಸುಮ್ಮನಾದರೂ ಕಣ್ಣು ಮುಚ್ಚಿ ಕೂರಲಿಲ್ಲ. ಆಕೆಯ ಆಟ ನೋಡುತ್ತಲೇ ಇದ್ದೆ. ವಿಶಾಲಾಕ್ಷಮ್ಮನಿಗೆ ಉದ್ದ ಪದದ ಹುಚ್ಚು. ‘ಪರೋಪಕಾರ’, ‘ಸಮಾರಾಧನೆ’ ಹೀಗೆ. ಅಂಥದ್ದೊಂದು ಕೂಡಿಬಂದರೆ ಮುಂದೇನಾಗುತ್ತದೆ ಎಂದು ನೋಡುತ್ತಿರಲಿಲ್ಲ, ಹಲಗೆಯ ಅಂಚಿನವರೆಗೂ ಚಾಚಿ ಇಟ್ಟು ಕೆಂಪು ಮನೆಯ ದಾರಿಯನ್ನು ಎದುರಿನವರಿಗೆ ತೆಗೆದುಕೊಡುತ್ತಿದ್ದಳು. ದೊಡ್ಡ ಮನೆಯವರ ಅಭ್ಯಾಸ. ಬಾಗಿಲು ಹಾಕಿಕೊಳ್ಳುವುದು ಬೇರೆಯವರ ಕೆಲಸ ಎಂದುಕೊಂಡಿರುತ್ತಾರೆ. ನನ್ನ ಪದಗಳು ಕಸ, ಬೂದಿ, ತವಡು, ಹೇನು. ಸಣ್ಣವು, ಎಲ್ಲಿ ಬೇಕಾದರೂ ತೂರುತ್ತವೆ. ಮೊದಲ ಸಲ ‘ಹೇನು’ ಇಟ್ಟಾಗ ಆಕೆಯೇ ಫೋನ್ ಮಾಡಿದಳು.

“ಏನ್ರಿ ಕೊಟ್ರಮ್ಮಾರೆ, ಬೀಗರ ಎದುರಿಗೆ ‘ಹೇನು’ ಅಂತ ಯಾರಾರ ಹಾಕ್ತಾರೇನ್ರಿ? ನನಗೆ ತಲಿ ಕೆರಿಯಾಕ ಹತ್ತೈತೆ!”

“ಕೈಯಾಗೆ ಇದ್ದದ್ದು ಹಾಕಿದೆ ಬೀಗರೇ.”

“ಬೇರೆ ಹಾಕ್ರಿ. ಇಲ್ಲಾಂದ್ರೆ ಒಂದ್ ಸರ್ತಿ ಬಿಟ್ಟುಕೊಡ್ರಿ. ಅಕ್ಷರಕ್ಕೂ ಒಂದು ಮಡಿ ಬ್ಯಾಡೇನ್ರಿ?”

ಅಕ್ಷರಕ್ಕೆ ಮಡಿ. ಇದು ಆಕೆಯ ಮಾತು. ಆ ಮಾತು ನನ್ನ ಹೊಟ್ಟೆಯೊಳಗೆ ಕೂತಿತು, ಎದ್ದು ಹೋಗಲಿಲ್ಲ.

ಮದುವೆಯ ನಂತರದ ಮೊದಲ ನಾಗರಪಂಚಮಿಗೆ ಮಂಜುಳ ಬಂದಳು. ಜೋಕಾಲಿ ಕಟ್ಟಿದೆವು, ಉಂಡಿ ಕಟ್ಟಿದೆವು. ಮಧ್ಯಾಹ್ನ ತಾಯಿ ಮಗಳು ಒಂದೊಂದು ಫೋನ್ ಹಿಡಿದು ಬಿಲ್ಲೆಯಾಟಕ್ಕೆ ಕೂತೆವು. ಚಿಕ್ಕವಳಿದ್ದಾಗ ನೆಲದ ಮೇಲೆ ಸುಣ್ಣದಲ್ಲಿ ಮನೆ ಬರೆದು ಹುಣಸೆ ಬೀಜ ಎಸೆದು ಚೌಕಾಬಾರ ಆಡಿದ ಹಾಗೆ. ಚೌಕಾಬಾರದಲ್ಲಿ ನನ್ನದೊಂದು ಕೆಟ್ಟ ಪಟ್ಟು ಇತ್ತು. ನನ್ನ ಕಾಯಿಯನ್ನು ಯಾರೂ ಕಡಿಯಲಾಗದ ಕಟ್ಟೆಮನೆಯಲ್ಲಿ ಕೂರಿಸಿ ಕದಲುತ್ತಿರಲಿಲ್ಲ. ಎದುರಿನವರಿಗೆ ಬೇರೆ ದಾರಿಯಿಲ್ಲದೆ ಅವರೇ ನನ್ನ ಮುಂದೆ ಬರಬೇಕು, ಆಮೇಲೆ ನಾನು ಕಡಿಯಬೇಕು. ಬಿಲ್ಲೆಯಾಟದಲ್ಲೂ ಅದನ್ನೇ ಮಗಳಿಗೆ ಹೇಳಿಕೊಟ್ಟೆ. ಕೆಂಪು ಮನೆಯ ದಾರಿಗೆ ನೀನು ಕಾಲಿಡಬೇಡ. ಉಳಿದ ದಾರಿಗಳಿಗೆಲ್ಲ ಸಣ್ಣ ಪದ ತುಂಬು. ಎದುರಿನವರು ಗತಿಯಿಲ್ಲದೆ ಆ ದಾರಿ ತೆಗೆಯಲಿ, ಆಮೇಲೆ ಹೋಗಿ ಕೂರು. ಮಂಜುಳ ನಕ್ಕು, “ಅವ್ವ, ನೀ ಭಾಳ ಕೆಟ್ಟಾಕಿ” ಅಂದಳು. ಅಂದರೂ ಕಲಿತಳು.

ಮುಂದಿನ ವರ್ಷ ಪಂಚಮಿ ಹತ್ತಿರ ಬಂದಾಗ ವಿಶಾಲಾಕ್ಷಮ್ಮ ವರಸೆ ಬದಲಿಸಿದಳು. ಮಂಜುಳನಿಗೆ ಅಷ್ಟರಲ್ಲಿ ಒಂದು ಹೆಣ್ಣುಕೂಸು ಆಗಿತ್ತು. ಮನೆಯಲ್ಲಿ ಅಂಗಡಿಯ ಆಳುಗಳಿಗೂ ಅವಳೇ ಬೇಯಿಸಿ ಹಾಕಬೇಕಿತ್ತು. ಕರೆಯಲು ಫೋನ್ ಮಾಡಿದೆ.

“ಈ ಸಲ ಬ್ಯಾಡ್ರಿ. ಹಬ್ಬದ ದಿನ ಮನ್ಯಾಗೆ ಹೋಳಿಗಿ ಮಾಡೋರು ಯಾರು?” ಅಂದಳು.

“ಒಂದೆರಡು ದಿನ ಬಂದು ಹೋಗ್ಲಿ ಬೀಗರೇ. ವರ್ಷಕ್ಕೊಂದು ಹಬ್ಬ.”

“ನೋಡ್ರಿ, ನೀವು ಅಷ್ಟು ಅಂತೀರಿ ಅಂದ್ರೆ, ಆಟದಾಗೆ ಗೆದ್ದು ಕರಕೊಂಡು ಹೋಗ್ರಿ.”

ನಕ್ಕುಕೊಂಡೇ ಹೇಳಿದಳು. ನಾನು ನಗಲಿಲ್ಲ. ದಾವಣಗೆರೆಯಿಂದ ಹರಿಹರ ಎಷ್ಟು ದೂರ? ಬಸ್ಸು ಹತ್ತಿ ಎಲೆ ಅಡಿಕೆ ಬಾಯಿಗೆ ಹಾಕಿದರೆ ಮೆದ್ದು ಮುಗಿಯುವಷ್ಟರಲ್ಲಿ ಇಳಿಯಬೇಕು. ಅಷ್ಟು ಹತ್ತಿರದಿಂದ ಹೆತ್ತ ಮಗಳನ್ನು ಹಬ್ಬಕ್ಕೆ ಕರೆದುಕೊಂಡು ಬರಲು ನಾನು ಬಿಲ್ಲೆ ಜೋಡಿಸಬೇಕಂತೆ. ಅಳಿಯ ಒಳ್ಳೆಯವನು, ಅಂದರೆ ತಾಯಿಯ ಮುಂದೆ ಬಾಯಿಲ್ಲದವನು. ಅವನನ್ನು ಕೇಳಿ ಫಲವಿರಲಿಲ್ಲ. “ಆಗ್ಲಿ ಬೀಗರೇ” ಎಂದೆ.

ಅವತ್ತಿನಿಂದ ಸೋಲುವ ಪದ್ಧತಿ ಬಿಟ್ಟೆ. ಆಟ ಶುರುವಾದ ಎರಡು ದಿನಕ್ಕೇ ನಾನು ಮುಂದೆ ಹೋದೆ. ಆಕೆ ಎಂದಿನ ಹಾಗೆ ಉದ್ದುದ್ದ ಚಾಚಿದಳು, ನಾನು ಎಂದಿನ ಹಾಗೆ ತೂರಿಕೊಂಡೆ. ಗೆದ್ದೇಬಿಟ್ಟೆ ಎಂದು ಶೇಂಗಾ ಹುರಿಯಲು ಕೂಡ ಇಟ್ಟೆ. ಆಮೇಲೆ ಇದ್ದಕ್ಕಿದ್ದಂತೆ ಆಟ ತಿರುಗಿತು. ಉದ್ದ ಪದ ನಿಂತೇಹೋದವು. ಹರಿಹರದಿಂದ ಸಣ್ಣ ಸಣ್ಣ ಗಟ್ಟಿ ಪದ ಬರತೊಡಗಿದವು, ಒಂದೊಂದೂ ನನ್ನ ದಾರಿಗೆ ಅಡ್ಡ. ಕೆಂಪು ಮನೆಯ ಕಡೆ ಸುಳಿಯುವುದೇ ಇಲ್ಲ. ಕಡೆಗೆ ಗತಿಯಿಲ್ಲದೆ ನಾನೇ ಆ ದಾರಿ ತೆಗೆದೆ. ಮರುಗಳಿಗೆಗೆ ಬಂದು ಕೂತರು. ಸೋತೆ.

ಫೋನ್ ಹಚ್ಚಿ “ನೀವು ಗೆದ್ರಿ” ಅಂದೆ. “ಏನಂದ್ರಿ?” ಅಂದಳು. ಇನ್ನೊಮ್ಮೆ ಅಂದೆ.

ಆ ಪಂಚಮಿಗೆ ಪಕ್ಕದ ಮನೆಯ ಹೆಣ್ಣುಮಕ್ಕಳೆಲ್ಲ ಬಂದು ಜೋಕಾಲಿ ಜೀಕುತ್ತಿದ್ದರು. ನಾನು ಉಂಡಿ ಕಟ್ಟಿ ಡಬ್ಬಿ ತುಂಬಿ ಯಜಮಾನರ ಕೈಲಿ ಹರಿಹರಕ್ಕೆ ಕಳಿಸಿದೆ. ಅವರು ಖಾಲಿ ಡಬ್ಬಿ ತಂದು ಇಟ್ಟು, “ಮಂಜುಳ ಸ್ವಲ್ಪ ಇಳಿದಾಳೆ” ಎಂದಷ್ಟೇ ಹೇಳಿ ಪೇಪರ್ ತೆಗೆದುಕೊಂಡರು. ಓದಲು ಬಾರದವರು ಪೇಪರ್ ಮುಖಕ್ಕೆ ಹಿಡಿದರೆ ನನಗೆ ಅರ್ಥವಾಗುತ್ತದೆ.

ಆದರೆ ನನ್ನ ತಲೆಯಲ್ಲಿ ಒಂದು ಮಾತು ಕೊರೆಯುತ್ತಿತ್ತು. ಇಷ್ಟು ವಯಸ್ಸಾದ ಮೇಲೆ ಒಬ್ಬರ ಕೈಬುದ್ಧಿ ಎರಡು ದಿನದಲ್ಲಿ ಬದಲಾಗುತ್ತದೆಯೇ? ರೊಟ್ಟಿ ತಟ್ಟುವವಳನ್ನು ನೋಡದೆ ಬರೀ ಸದ್ದು ಕೇಳಿಯೇ ಯಾರ ಕೈ ಎಂದು ಹೇಳಬಹುದು. ಹಾಗೇ ಇದೂ. ಹಬ್ಬ ಕಳೆದ ಮೇಲೆ ಆಕೆ ಇನ್ನೊಂದು ಆಟಕ್ಕೆ ಕರೆದಾಗ ಒಪ್ಪಿದೆ. ಆ ಆಟದಲ್ಲೂ ಅದೇ ಗಟ್ಟಿ ಕೈ. ಪದಗಳು ಬರುವ ಹೊತ್ತು ಕೂಡ ವಿಚಿತ್ರ. ವಿಶಾಲಾಕ್ಷಮ್ಮ ಮಧ್ಯಾಹ್ನ ಉಂಡು ಮಲಗಿದರೆ ಅಂಗಡಿಗೆ ಬೆಂಕಿ ಬಿದ್ದರೂ ಏಳುವವಳಲ್ಲ. ಪದಗಳು ಬರುತ್ತಿದ್ದದ್ದು ಅದೇ ಹೊತ್ತಿಗೆ, ಮನೆಯ ಪಾತ್ರೆ ತೊಳೆದು ಮುಗಿಯುವ ಹೊತ್ತಿಗೆ.

ಒಂದು ದಿನ ಬೇಕೆಂದೇ ಕೆಂಪು ಮನೆಯ ಪಕ್ಕ ದೊಡ್ಡ ಜಾಗ ಬಿಟ್ಟೆ. ವಿಶಾಲಾಕ್ಷಮ್ಮನಾಗಿದ್ದರೆ ಎದ್ದುಬಿದ್ದು ಉದ್ದ ಪದ ತಂದು ಹಾಕಬೇಕು. ಹಾಕಲಿಲ್ಲ. ಮೂಲೆಯಲ್ಲಿ ‘ತವಡು’ ಎಂದು ಬಂತು. ನನ್ನ ಪದ. ನನ್ನ ಕೆಟ್ಟ ಬುದ್ಧಿ ನನಗೇ ಎದುರು ಕೂತಿತ್ತು. ಕೂಡಲೇ ಮಗಳಿಗೆ ಫೋನ್ ಮಾಡಿದೆ.

“ಅತ್ತೆ ಏನ್ ಮಾಡ್ತಿದಾರೆ?”

“ಮಲಗ್ಯಾರೆ ಅವ್ವ.”

“ಹಂಗಾದ್ರೆ ಈಗ ‘ತವಡು’ ಅಂತ ಹಾಕಿದ್ದು ಯಾರು?”

ಆ ಕಡೆ ಕೂಸು ಏನೋ ಕುಂಯ್ ಅಂತು. ಆಮೇಲೆ ಮಂಜುಳ ಹೇಳಿದಳು. “ನಾನವ್ವ. ಅತ್ತೆಗೆ ಕಣ್ಣು ಮಂಜಂತೆ. ನಿಮ್ಮವ್ವನ ಕೂಡೆ ನೀನೇ ಆಡು, ನನ್ನ ಹೆಸರು ಉಳಿಸು, ನಿಮ್ಮವ್ವಗೆ ಹೇಳ್ಬ್ಯಾಡ ಅಂದ್ರು. ನನಗೂ ನಿನ್ನ ಕೂಡೆ ಕುಂತು ಚೌಕಾಬಾರ ಆಡ್ದಂಗೆ ಆಗ್ತಿತ್ತು. ಖುಷಿಯಾಗಿ ಆಡ್ದೆ.”

“ಖುಷಿಯಾಗಿ ಆಡಿ ನಿನ್ನ ಪಂಚಮಿ ನೀನೇ ಕಳ್ಕೊಂಡೆ” ಎಂದೆ. ಪಂದ್ಯದ ಮಾತು ಹೇಳಿದೆ. ಅದು ಅವಳಿಗೆ ಗೊತ್ತೇ ಇರಲಿಲ್ಲ. ಪಾತ್ರೆ ಕೆಳಗಿಟ್ಟ ಸದ್ದು ಕೇಳಿತು.

“ಮುಂದಿನ ಸರ್ತಿ ಸೋತುಬಿಡ್ಲಾ ಅವ್ವ?” ಅಂದಳು.

“ಬ್ಯಾಡ. ನೀನು ಸೋತು ಕೊಟ್ಟಿದ್ದು ನನ್ನ ಗೆಲುವು ಹೆಂಗಾಗ್ತೈತೆ? ಬಾಯಿ ಮುಚ್ಕೊಂಡು ಆಡ್ಕಂತ ಇರು. ನಿಮ್ಮತ್ತೆಗೆ ನಾನೈದೀನಿ.”

ಒಂದು ವರ್ಷ ಕಾದೆ. ಆ ವರ್ಷವೆಲ್ಲ ಸೋತೆ, ಫೋನ್ ಹಚ್ಚಿದೆ, “ನೀವು ಗೆದ್ರಿ” ಎಂದು ಸ್ಪೀಕರಿನಲ್ಲಿ ಅಂದೆ. ವಿಶಾಲಾಕ್ಷಮ್ಮ ಊರೆಲ್ಲ ಹೇಳಿಕೊಂಡಳು. ಹೇಳಿಕೊಳ್ಳಲಿ ಎಂದು ಬಿಟ್ಟೆ. ಎತ್ತರಕ್ಕೆ ಹತ್ತಿಸಿದಷ್ಟೂ ನನಗೆ ಒಳ್ಳೆಯದು.

ಆಷಾಢದಲ್ಲಿ ಸೋಮವಾರದ ದಿನ ಆಕೆಯ ಮನೆಯಲ್ಲಿ ಭಜನೆ ಇರುತ್ತಿತ್ತು. ಬೀದಿಯ ಹೆಂಗಸರೆಲ್ಲ ಸೇರುತ್ತಿದ್ದರು. ಅಂಥದ್ದೊಂದು ಸೋಮವಾರ ಬೆಳಿಗ್ಗೆ ಮಂಡಕ್ಕಿ ಕಟ್ಟಿಕೊಂಡು ಹರಿಹರದ ಬಸ್ಸು ಹತ್ತಿದೆ. ಭಜನೆ ಮುಗಿಯುವವರೆಗೂ ಚಪ್ಪಾಳೆ ತಟ್ಟಿದೆ. ಫಲಾರ ಹಂಚುವಾಗ ಎಲ್ಲರಿಗೂ ಕೇಳುವ ಹಾಗೆ ತೆಗೆದೆ.

“ಬೀಗರೇ, ಹೋದ ವರ್ಷದ ಮಾತು ಈ ವರ್ಷನೂ ಐತೇನ್ರಿ?”

“ಯಾವ ಮಾತ್ರಿ?”

“ಆಟದಾಗೆ ನಾ ಗೆದ್ರೆ ಮಂಜುಳನ್ನ ಪಂಚಮಿಗೆ ಕಳಿಸ್ತೀನಿ ಅಂದಿದ್ರಲ್ಲ.”

ಹೆಂಗಸರು ಆಕೆಯ ಮುಖ ನೋಡಿದರು. ವಿಶಾಲಾಕ್ಷಮ್ಮ ತೂಗುಮಂಚವನ್ನು ಕಾಲಿನಿಂದ ಒಮ್ಮೆ ಮೀಟಿದಳು. “ಐತ್ರೀ, ಯಾಕಿಲ್ಲ? ಪಾಪ, ಇಷ್ಟು ಆಸೆ ಪಡ್ತಾರೆ” ಎಂದು ಹೆಂಗಸರ ಕಡೆ ತಿರುಗಿ ನಕ್ಕಳು. ಅವರೂ ನಕ್ಕರು.

“ಹಂಗಾದ್ರೆ ಇಲ್ಲೇ ಆಡಾಣ. ಎದುರಾಬದುರಾ.”

ತೂಗುಮಂಚ ನಿಂತಿತು. “ಇವತ್ತ? ನನ್ನ ಕಣ್ಣು ಸ್ವಲ್ಪ ಮಂಜ್ರಿ...”

“ಮೊನ್ನೆ ಮಧ್ಯಾಹ್ನ ಎಷ್ಟು ಚಂದ ಆಡಿದ್ರಿ. ಆ ಕಣ್ಣು ಎಲ್ಲಿ ಹೋತ್ರಿ?”

ಆಕೆ ಅಡುಗೆ ಮನೆಯ ಬಾಗಿಲ ಕಡೆ ನೋಡಿದಳು. ಮಂಜುಳ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. “ಮಂಜುಳಾ, ಎಲ್ಲಾರಿಗೂ ಚಾ ಇಡು ಹೋಗು” ಎಂದೆ ನಾನು. ಅವಳು ಒಳಗೆ ಹೋದಳು. ಆಕೆ ನನ್ನ ಮುಖ ನೋಡಿದಳು, ನಾನು ಆಕೆಯ ಮುಖ ನೋಡಿದೆ. ಇಬ್ಬರಿಗೂ ಎಲ್ಲ ಗೊತ್ತಾಯಿತು. ಹೆಂಗಸರಿಗೆ ಏನೂ ಗೊತ್ತಾಗಲಿಲ್ಲ.

ಬಚ್ಚಲಿಗೆ ಹೋಗಿಬರುತ್ತೇನೆಂದೋ, ತಲೆ ಸುತ್ತುತ್ತದೆಂದೋ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ತಪ್ಪಿಸಿಕೊಳ್ಳಲಿಲ್ಲ. ಅದು ಆಕೆಯ ಗತ್ತು, ಅದನ್ನು ಹೇಳದಿದ್ದರೆ ನನ್ನ ಬರಹ ಸುಳ್ಳಾಗುತ್ತದೆ. ಕನ್ನಡಕ ಒರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಬೆರಳನ್ನು ಮೇಲೆತ್ತಿ, “ಬರ್ರಿ” ಅಂದಳು.

ಮೊದಲಿಗೇ ‘ಪ’, ‘ಕ’, ‘ರ’ ಎಲ್ಲ ಆಕೆಯ ಕೈಗೆ ಬಂದಿರಬೇಕು, ‘ಪರೋಪಕಾರ’ ಹಾಕಿದಳು. ಹೆಂಗಸರು ಜೋರಾಗಿ ಓದಿ ಚಪ್ಪಾಳೆ ತಟ್ಟಿದರು. ನಾನು ‘ಕಸ’ ಇಟ್ಟೆ. ಯಾರೋ ಕಿಸಕ್ಕೆಂದರು. ಆಕೆ ‘ಆಭರಣ’ ಅಂದಳು, ನಾನು ‘ಬೂದಿ’ ಅಂದೆ. “ಇವತ್ತು ಸೋಮವಾರ ಕೊಟ್ರಮ್ಮಾರೆ!” ಎಂದು ಗದರಿದಳು. ಅಂಕದಲ್ಲಿ ಆಕೆ ಬಹಳ ಮುಂದಿದ್ದಳು. ಮಂಜುಳ ಚಹಾ ತಂದು ಕೊಟ್ಟಳು. ನಾನು ತಲೆ ಎತ್ತಲಿಲ್ಲ. ಒಂದೊಂದೇ ದಾರಿ ಮುಚ್ಚುತ್ತ ಬಂದೆ.

ಕಡೆಗೆ ಒಂದೇ ದಾರಿ ಉಳಿಯಿತು, ಕೆಂಪು ಮನೆಯ ದಾರಿ. ಆಕೆಗೆ ಕಾಣಲಿಲ್ಲವೆಂದಲ್ಲ. ಬೆರಳು ಗಾಜಿನ ಮೇಲೆ ಹೋಗಿ ಹಿಂದಕ್ಕೆ ಬಂತು, ಮತ್ತೆ ಹೋಯಿತು. ಆದರೆ ಕೈಯಲ್ಲಿ ‘ಸಮಾರಾಧನೆ’ ಕೂಡಿಬಂದಿತ್ತು. ಸುತ್ತಲೂ ಚಪ್ಪಾಳೆ ತಟ್ಟುವ ಜನ ಕೂತಿದ್ದರು. ತಡೆಯಲಾಗಲಿಲ್ಲ, ಇಟ್ಟಳು. ಚಪ್ಪಾಳೆ ಬಿತ್ತು.

ಆ ಚಪ್ಪಾಳೆ ನಿಲ್ಲುವ ಮೊದಲೇ ನಾನು ‘ನೆ’ಯ ಪಕ್ಕಕ್ಕೆ ಹೋಗಿ ಕೆಂಪು ಮನೆಯ ಮೇಲೆ ಕೂತೆ. ‘ಹೇನು’ ಎಂದೇ ಕೂತೆ.

ಒಬ್ಬ ಮುದುಕಿ ಮೂಲೆಯಿಂದ, “ಹೆಣ್ಣು ಕೊಟ್ಟೋರು ಹಿಂಗೆ ಮಾಡಬಾರದಮ್ಮ, ಸೋಲಬೇಕು” ಅಂದಳು.

“ಹೆಣ್ಣು ಕೊಟ್ಟಾತಲ್ಲವ್ವ. ಇನ್ನೇನು ಕೊಡಾದೈತೆ?” ಎಂದೆ.

ಆಕೆಯ ಕೈಯಲ್ಲಿ ಘ, ಠ ಎರಡೂ ಉಳಿದಿದ್ದವು. ಇಡಲು ಎಲ್ಲಿಯೂ ಜಾಗವಿರಲಿಲ್ಲ, ಎಲ್ಲ ಕಡೆ ನನ್ನ ಕಸ, ಬೂದಿ. ಆಟ ಮುಗಿದಾಗ ಕೈಯಲ್ಲಿ ಉಳಿದ ಬಿಲ್ಲೆಯ ಅಂಕ ಕಳೆಯುತ್ತಾರೆ. ಕಳೆದರು. ನಾನು ಗೆದ್ದಿದ್ದೆ.

ವಿಶಾಲಾಕ್ಷಮ್ಮ ಫೋನನ್ನು ಮಂಚದ ಮೇಲೆ ಕವುಚಿ ಇಟ್ಟಳು. “ಆತ್ರಿ, ಕರಕೊಂಡು ಹೋಗ್ರಿ.”

“ಫೋನ್ ಹಚ್ರಿ” ಎಂದೆ.

“ಯಾರಿಗೆ?”

“ನನಗೆ. ಸೋತೋರು ಗೆದ್ದೋರಿಗೆ ಫೋನ್ ಹಚ್ಚಬೇಕಲ್ರಿ.”

“ಎದುರಿಗೇ ಕುಂತೀರಲ್ರಿ ನೀವು!”

“ಪದ್ಧತಿ ನಿಮ್ಮದೇ ಬೀಗರೇ. ಮರ್ಯಾದಿ ಅಂದಿದ್ರಿ. ಹಚ್ರಿ.”

ಆಕೆ ಹಚ್ಚಿದಳು. ನನ್ನ ಕೈಯಲ್ಲಿ ಫೋನು ಗುಯ್ ಎಂದು ಕುಣಿಯಿತು. ನಾನು ಎತ್ತಲಿಲ್ಲ. ಕುಣಿಯಲಿ ಎಂದು ಆಕೆಯ ಮುಖ ನೋಡುತ್ತ ಕೂತೆ. ಪೂರ್ತಿ ಕುಣಿದು ನಿಂತಿತು. “ಇನ್ನೊಮ್ಮೆ ಹಚ್ರಿ, ಎತ್ತಾಕಾಗ್ಲಿಲ್ಲ” ಎಂದೆ. ಇನ್ನೊಮ್ಮೆ ಹಚ್ಚಿದಳು. ಎತ್ತಿ ಸ್ಪೀಕರಿಗೆ ಹಾಕಿದೆ.

“ನೀವು ಗೆದ್ರಿ.” ಒಂದೇ ಮಾತು ಆಕೆಯ ಬಾಯಿಂದಲೂ ಬಂತು, ನನ್ನ ಫೋನಿನಿಂದಲೂ ಬಂತು.

“ಏನಂದ್ರಿ? ಕೇಳಿಸ್ಲಿಲ್ರಿ” ಎಂದೆ.

ಅವತ್ತಿನಷ್ಟು ಹಸಿದು ನಾನು ಯಾವತ್ತೂ ಮನೆಗೆ ಬಂದಿಲ್ಲ. ಎರಡು ರೊಟ್ಟಿ ಜಾಸ್ತಿ ತಿಂದೆ.

ಆಕೆ ಮೋಸಗಾತಿ ಹೌದು, ಆದರೆ ಮಾತಿಗೆ ತಪ್ಪಲಿಲ್ಲ. ಪಂಚಮಿಗೆ ಮಂಜುಳನಿಗೆ ಹೊಸ ಸೀರೆ ಉಡಿಸಿ, ಕೂಸಿನ ಕಾಲಿಗೆ ಗೆಜ್ಜೆ ಹಾಕಿ, ಡಬ್ಬಿ ತುಂಬ ಹೋಳಿಗೆ ಕೊಟ್ಟು ಕಳಿಸಿದಳು. ಆ ಹೋಳಿಗೆಯನ್ನು ತಾನೇ ನಿಂತು ಮಾಡಿದ್ದಳಂತೆ. ಮಗಳು ಜೋಕಾಲಿ ಮುಟ್ಟಲಿಲ್ಲ. ಬಂದವಳು ಚಾಪೆ ಹಾಸಿಕೊಂಡು ಮಲಗಿದಳು. ಎಬ್ಬಿಸಿ ಉಣ್ಣಿಸಿದೆ, ಮತ್ತೆ ಮಲಗಿದಳು. ಹಬ್ಬವೆಲ್ಲ ಮಲಗಿಯೇ ಕಳೆದಳು. ಕೂಸನ್ನು ನಾನು ನೋಡಿಕೊಂಡೆ. ಅವಳು ಹಾಗೆ ಮಲಗಲಿ ಎಂದೇ ನಾನು ಅಷ್ಟು ಬಡಿದಾಡಿದ್ದು, ಜೋಕಾಲಿಗಲ್ಲ.

ಆಮೇಲೆ ದಿನಾ ಬೆಳಿಗ್ಗೆ, ಆಕೆಯ ಪೂಜೆ ಮುಗಿಯುವ ಹೊತ್ತಿಗೆ, ನನ್ನ ಫೋನು ಗುಯ್ ಅನ್ನುತ್ತಿತ್ತು. ಮರು ಆಟದ ಕರೆ. ಕೆಳಗೆ ಎರಡು ಗುಂಡಿ, ‘ಆಡುವೆ’, ‘ಬೇಡ’. ನಾನು ‘ಬೇಡ’ ಒತ್ತಿ ಚಹಾಕ್ಕೆ ನೀರಿಡುತ್ತಿದ್ದೆ. ಮರು ಆಟ ಕೇಳಿದರೆ ಗೆದ್ದವರು ಒಲ್ಲೆ ಅನ್ನಬಾರದೆಂಬುದು ಆಕೆಯ ನಿಯಮ. ಆ ನಿಯಮ ನನಗೆ ನೆನಪಿತ್ತು. ನೆನಪಿದ್ದೇ ಒತ್ತುತ್ತಿದ್ದೆ.

ದಸರಾ ಮುಗಿದು ಬನ್ನಿ ಕೊಡುವ ದಿನ ಆಕೆ ಕೆ.ಬಿ. ಬಡಾವಣೆಗೆ ಬಂದಳು. ಗಂಡಿನ ಕಡೆಯವಳು, ವಯಸ್ಸಿನಲ್ಲೂ ಹಿರಿಯಳು. ನಾವು ಹೋಗಿ ಕೊಡಬೇಕಾದದ್ದು. ತಾನೇ ಬಂದಳು. ಕಾಲು ಊದಿತ್ತು, ಮೆಟ್ಟಿಲು ಹತ್ತುವಾಗ ಯಜಮಾನರು ಕೈ ಹಿಡಿದರು. ಬನ್ನಿ ಎಲೆ ನನ್ನ ಕೈಗಿಟ್ಟು, “ಬನ್ನಿ ತಗೊಂಡು ಬಂಗಾರದಂಗೆ ಇರಾಣ್ರಿ” ಅಂದಳು. ನಾನೂ ಕೊಟ್ಟೆ, ನಾನೂ ಅಂದೆ. ಚಹಾ ಕುಡಿದ ಮೇಲೆ ಚೀಲದಿಂದ ಫೋನ್ ತೆಗೆದಳು.

“ಒಂದೇ ಒಂದ್ ಆಟ ಕೊಡ್ರಿ ಕೊಟ್ರಮ್ಮಾರೆ.”

“ಕೊಡಂಗಿಲ್ರಿ.”

“ಈ ಸಲ ಮಂಜುಳನ ಕೈಗೆ ಕೊಡಂಗಿಲ್ಲ, ದೇವ್ರಾಣೆ. ಹೇನಾರ ಹಾಕ್ರಿ, ಕೂರೆನಾರ ಹಾಕ್ರಿ.”

“ಕೊಡಂಗಿಲ್ಲ.”

ಆಕೆ ನಕ್ಕಳು. ಹೊಟ್ಟೆ ಕುಲುಕಿಸಿ ನಗುವ ಹೆಂಗಸು. “ಹಿಂಗೇ ನನ್ನ ಸಾಯಿಸ್ತೀರಿ ನೋಡ್ರಿ ನೀವು” ಎಂದು ಯಜಮಾನರಿಗೆ, ಪಕ್ಕದ ಮನೆಯವರಿಗೆ, ಆಟೋದವನಿಗೆ ಎಲ್ಲರಿಗೂ ಹೇಳಿ ಹೋದಳು. ಜನ ಆಡಿಕೊಳ್ಳುವ ಸುಳ್ಳು ಹುಟ್ಟಿದ್ದು ಅಲ್ಲಿ. ಹುಟ್ಟಿಸಿದವಳೂ ಅವಳೇ.

ದೀಪಾವಳಿ ಕಳೆದ ಮೇಲೆ ಒಂದು ಶನಿವಾರ ಬೆಳಿಗ್ಗೆ ಕರೆ ಬಂತು. ನಾನು ಹಾಲು ಕಾಯಿಸುತ್ತಿದ್ದೆ, ಆಮೇಲೆ ‘ಬೇಡ’ ಒತ್ತೋಣ ಎಂದು ಬಿಟ್ಟೆ. ಮಧ್ಯಾಹ್ನ ಮಂಜುಳ ಫೋನ್ ಮಾಡಿದಳು. ಅತ್ತೆ ಉಂಡು ಮಲಗಿದವರು ಏಳಲಿಲ್ಲ ಎಂದಳು. ಭಾನುವಾರ ಹರಿಹರದಲ್ಲಿ ಮಣ್ಣು ಮಾಡಿದರು. ಹೂವಿನ ನಡುವೆ ಕೂರಿಸಿದ್ದರು. ಉಂಗುರಗಳನ್ನೆಲ್ಲ ತೆಗೆದಿದ್ದರಿಂದ ಎಲ್ಲ ಬೆರಳೂ ಒಂದೇ ಥರ ಕಾಣುತ್ತಿದ್ದವು. ನಾನು ಅಳಲಿಲ್ಲ. ಹೆಂಗಸರು ನನ್ನ ಕಡೆ ನೋಡಿ ಪಿಸುಗುಟ್ಟಿದರು. ಪಿಸುಗುಟ್ಟಲಿ.

ಮರುದಿನ ಬೆಳಿಗ್ಗೆ ಸೋಮವಾರ. ಆಕೆಯ ಪೂಜೆ ಮುಗಿಯುವ ಹೊತ್ತಿಗೆ ಕಟ್ಟೆಯ ಮೇಲೆ ಬಂದು ಕೂತೆ. ಫೋನು ಸುಮ್ಮನಿತ್ತು. ತೆಗೆದು ನೋಡಿದರೆ ಶನಿವಾರದ ಕರೆ ಹಾಗೇ ನಿಂತಿತ್ತು, ಕೆಳಗೆ ಅವೇ ಎರಡು ಗುಂಡಿ. ‘ಆಡುವೆ’ ಒತ್ತಿದೆ. ಹಲಗೆ ಖಾಲಿ ಬಂತು. ಒಪ್ಪಿದವರು ಮೊದಲು ಆಡಬೇಕು. ನನ್ನ ಏಳು ಬಿಲ್ಲೆಯಲ್ಲಿ ಎರಡು ‘ನ’ ಇದ್ದವು, ‘ಮ’ ಇತ್ತು. ‘ನಮನ’ ಎಂದು ಹಾಕಬಹುದಿತ್ತು, ಅಂಕವೂ ಹೆಚ್ಚು ಬರುತ್ತಿತ್ತು.

‘ಹ’ ಕೂಡ ಇತ್ತು. ‘ಹೇನು’ ಹಾಕಿದೆ.